ಗೆಡ್ಡಿಸ್ ಗುಂಡಿ

ಪಿಟ್‌ಹೇವನ್ನಿನ ಈ ಮೈದಾನ ಊರಿನದು. ಬೇಲಿಯಿಲ್ಲ.
ನಾಯಿಗಳು ಅಡ್ಡ ಹಾಯುತ್ತವೆ, ಶಾಲೆ ಬಿಟ್ಟ ಮಕ್ಕಳೂ;
ಕಡಲಿಗಿಳಿಯುವ ಕಾಲುಹಾದಿ ಏಳನೆಯ ಕುಳಿಯ ಮಗ್ಗುಲಲ್ಲೇ.
ಕೌನ್ಸಿಲಿನ ಚೀಟಿ ಕೊಂಡರೆ ಸಾಕು,
ಮೀನು ಸೀಳುವವನೂ ಆಡಬಹುದು, ಜಡ್ಜ್ ಸಾಹೇಬನೂ.
ಇಬ್ಬರನ್ನೂ ಗಾಳಿ ಏಕವಚನದಲ್ಲೇ ಮಾತಾಡಿಸುತ್ತದೆ.

ಚಾಂಪಿಯನ್‌ಶಿಪ್ ಇಲ್ಲಿಗೆ ಬಂದದ್ದು ನಾಲ್ಕು ಸಲ.
ಮೊದಲ ಸಲ ರೈಲಿನವರು ವಿಶೇಷ ಗಾಡಿ ಬಿಟ್ಟಿದ್ದರಂತೆ.
ಎರಡನೆಯ ಸಲ ಮೂರು ದಿನ ಮಂಜು,
ಚೆಂಡು ಬಿಡಿ, ಚರ್ಚೂ ಕಾಣಲಿಲ್ಲ.
ಕೊನೆಯದಕ್ಕೆ ಟೀವಿಯವರು ಬಂದು
ಆಲೂಗಡ್ಡೆ ಹೊಲದ ತುಂಬ ಕಾರು ನಿಲ್ಲಿಸಿದರು.
ಗೆದ್ದವರ ಹೆಸರು ಕ್ಲಬ್ಬಿನ ಹಲಗೆಯ ಮೇಲಿದೆ,
ಚಿನ್ನದ ಅಕ್ಷರ, ಓದಲು ಕನ್ನಡಕ ಬೇಕು.

ಮೂರನೆಯದನ್ನು ಬಿಟ್ಟೆ. ಐವತ್ತೇಳು.
ಅರ್ಚಿ ಗೆಡ್ಡಿಸ್, ಮೀನಂಗಡಿಯವ,
ಎರವಲು ಬೂಟು, ಚೀಲದಲ್ಲಿ ಏಳೇ ಕೋಲು,
ಕೊನೆಯ ಕುಳಿಗೆ ಬಂದಾಗ ಎರಡು ಹೊಡೆತ ಮುಂದೆ.
ಊರೇ ಉಸಿರು ಹಿಡಿದಿತ್ತು.
ಗಾಳಿ ಮಾತ್ರ ಹಿಡಿಯಲಿಲ್ಲ.

ಚೆಂಡು ಮರಳಗುಂಡಿಗೆ ಇಳಿಯಿತು,
ಬಿಲಕ್ಕೆ ಹಿಂದಿರುಗುವ ಮೊಲದಷ್ಟು ಸಲೀಸಾಗಿ.
ಒಂದು. ಗೋಡೆಗೆ ಬಡಿದು ಕಾಲಬುಡಕ್ಕೇ.
ಎರಡು. ಮೂರು.
ನಾಲ್ಕನೆಯದಕ್ಕೆ ಮರಳು ಹಾರಿತು, ಚೆಂಡು ಹಾರಲಿಲ್ಲ.
ಐದಕ್ಕೆ ಹೊರಬಂತು.
ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಹಾಗಿಲ್ಲ,
ಮೀಸೆ ತುಂಬ ಮರಳೇ ಇತ್ತು. ಫೋಟೋ ಇದೆ.

ಸೋಮವಾರ ಬೆಳಿಗ್ಗೆ ಆರಕ್ಕೇ ಅಂಗಡಿ ತೆರೆದ,
ಹ್ಯಾಡಕ್ ತೂಗಿದ.
ಆ ವಾರ ಯಾರೂ ಚಿಲ್ಲರೆ ವಾಪಸು ಕೇಳಲಿಲ್ಲ.
ಅದೇ ಅವನಿಗೆ ಹೆಚ್ಚು ಚುಚ್ಚಿತು ಎನ್ನುತ್ತಿದ್ದಳು ಅಮ್ಮ.

ಗುಂಡಿಗೆ ಅವನ ಹೆಸರು ಯಾರಿಟ್ಟರೋ, ನಕ್ಷೆಯಲ್ಲೂ ಬಂತು.
ಈಗ ಒಸಾಕಾದಿಂದ, ಓಹಾಯೋದಿಂದ ಬಂದವರು
ದಿನಕ್ಕೆ ನಲವತ್ತು ಮಂದಿ ಅದರೊಳಗೆ ಬಿದ್ದು
'ಗೆಡ್ಡಿಸ್! ಗೆಡ್ಡಿಸ್!' ಎಂದು ಹಲ್ಲು ಕಡಿಯುತ್ತಾರೆ.
ಆ ವರ್ಷ ಗೆದ್ದವನ ಹೆಸರೆತ್ತಿ
ಒಬ್ಬರೂ ಬೈದದ್ದನ್ನು ನಾನು ಕೇಳಿಲ್ಲ.

ಸಂಜೆ ಎಂಟಕ್ಕೆ, ಬೆಳಕಿನ್ನೂ ಇರುವಾಗ,
ಹಲ್ಲುಗೋಲು ಹಿಡಿದು ಇಳಿಯುತ್ತೇನೆ.
ಕೌನ್ಸಿಲಿನ ಸಂಬಳ, ಇಪ್ಪತ್ತಾರು ವರ್ಷ.
ಹೆಜ್ಜೆ ಅಳಿಸುತ್ತ ಹಿಂದಹಿಂದಕ್ಕೆ ನಡೆಯುವುದು ಇಲ್ಲಿಯ ಕ್ರಮ.
ತಳದಲ್ಲಿ ಗಾಳಿಯಿಲ್ಲ. ಕಡಲ ಸದ್ದೂ ಇಲ್ಲ.
ಆಕಾಶದ ಒಂದು ತುಂಡು, ಮೀನು ಸುತ್ತುವ ಕಾಗದದಷ್ಟು.
ಇಷ್ಟು ಸುಮ್ಮನಿರುವ ಜಾಗ ಈ ಊರಲ್ಲಿ ಇನ್ನೊಂದಿಲ್ಲ.
ಅಪ್ಪನಿಗೆ ಐದು ಹೊಡೆತ ಯಾಕೆ ಬೇಕಾಯಿತೆಂದು
ಒಮ್ಮೊಮ್ಮೆ ಗೊತ್ತಾದ ಹಾಗಾಗುತ್ತದೆ.

ಅಷ್ಟರಲ್ಲಿ ಮೇಲೆ ಯಾರೋ 'ಫೋರ್!' ಎಂದು ಕೂಗುತ್ತಾರೆ.
ತಲೆ ತಗ್ಗಿಸುತ್ತೇನೆ.