ಆರುವುದು

ಇರಾನ್‌ಶಹರಿನಲ್ಲಿ, ನಮ್ಮೂರಿನಲ್ಲಿ, ಬೆವರನ್ನು ಕಂಡವರಿಲ್ಲ.
ಮೂಡುವ ಮೊದಲೇ ಗಾಳಿ ಹೀರಿಬಿಡುತ್ತದೆ.
ಸಂಜೆ ಅಂಗಿ ಬಿಚ್ಚಿದರೆ ಬೆನ್ನಿನ ಮೇಲೊಂದು ಬಿಳಿಯ ನಕಾಶೆ.
ಅಮ್ಮ ಅದನ್ನು ಕೊಡವುತ್ತ
"ಇವತ್ತು ಅಡುಗೆಗೆ ಉಪ್ಪು ಕೊಳ್ಳಬೇಕಿಲ್ಲ" ಅನ್ನುತ್ತಿದ್ದಳು.

ಅಂಥವನಿಗೆ ಕೆಶ್ಮ್ ದ್ವೀಪದ ಸೆಕೆ ಯಾವ ಲೆಕ್ಕ?
ಅಲ್ಲಿ ನಲವತ್ತೆಂಟು, ಇಲ್ಲಿ ಮೂವತ್ತೆಂಟು.
ಹತ್ತು ಡಿಗ್ರಿ ಲಾಭ ಅಂದುಕೊಂಡೇ ಬಸ್ಸು ಹತ್ತಿದ್ದೆ.

ನಾಲ್ಕನೆಯ ದಿನ
ದಡಕ್ಕೆ ಎಳೆದ ಲೆಂಜ್ ದೋಣಿಯ ಹೊಟ್ಟೆಯಡಿ ಕೂತು
ಹಲಗೆಯ ಸಂದಿಗೆ ಎಣ್ಣೆ ಹತ್ತಿಯ ಬತ್ತಿ ತುರುಕಿ
ಉಳಿಯಿಟ್ಟು ಕೊಡತಿಯಲ್ಲಿ ಬಡಿಯುವಾಗ
ಹೊಳೆಯಿತು:
ನೀರು ಒಳಬಾರದಂತೆ ದೋಣಿ ಮುಚ್ಚುತ್ತಿರುವ ನಾನೇ
ಸಂದಿಸಂದಿಗಳಲ್ಲೂ ಸೋರುತ್ತಿದ್ದೇನೆ.
ಮೊಣಕೈಯಿಂದ, ಗದ್ದದಿಂದ,
ರೆಪ್ಪೆಯ ತುದಿಯಿಂದ
ತೊಟ್ಟು ತೊಟ್ಟು.
ಒಂದು ಹನಿಯೂ ಆರುತ್ತಿಲ್ಲ.

"ಶರ್ಜಿ" ಎಂದರು ಖಲಫ್ ಮೇಸ್ತ್ರಿ,
ಸಾಲಗಾರನ ಹೆಸರು ಹೇಳಿದ ಹಾಗೆ.
"ಗಾಳಿ ಕಡಲನ್ನು ಕಂಠಪೂರ್ತಿ ಕುಡಿದಿದೆ.
ನಿನ್ನ ಹನಿಗೆ ಅಲ್ಲಿ ಜಾಗವಿಲ್ಲ."

ಎದೆಯೊಳಗೆ ಇನ್ನೊಂದು ಕೊಡತಿ.
ರಕ್ತ ಉಡಿಯಲ್ಲಿ ಕೆಂಡ ಕಟ್ಟಿಕೊಂಡು
ಚರ್ಮದ ಬಾಗಿಲ ತನಕ ಓಡಿ ಬರುವುದು,
ಇಳಿಸಿಕೊಳ್ಳುವವರು ಇಲ್ಲದೆ
ಅದೇ ಕೆಂಡ ಹೊತ್ತು ಮರಳಿ ಓಡುವುದು.
ತಲೆಗೆ ಹೋಗಬೇಕಾದದ್ದೂ ಬಾಗಿಲಲ್ಲೇ ನಿಂತಿತೋ ಏನೋ,
ದೋಣಿ ನಿಧಾನ ಮಗ್ಗುಲಾಯಿತು.
ನೀರೇ ಇರಲಿಲ್ಲ.

ಕಣ್ಣು ಬಿಟ್ಟಾಗ ಕತ್ತಿನ ಮೇಲೆ ಒದ್ದೆ ಬಟ್ಟೆ.
ಮೇಸ್ತ್ರಿ ಹರಿದ ಚಾಪೆಯಿಂದ
ಬೈಯುತ್ತ ಗಾಳಿ ಹಾಕುತ್ತಿದ್ದರು.
"ಮೈಯ ಕೆಲಸ ಅರ್ಧ, ಗಾಳಿಯದು ಅರ್ಧ.
ಅದು ಕೈಕೊಟ್ಟ ದಿನ ಇನ್ನೊಬ್ಬರು ಬೀಸಬೇಕು.
ಬೆವರು ಆರಬೇಕು, ದಿಲ್‌ಮುರಾದ್.
ಅದು ಆರದಿದ್ದರೆ ನೀನು ಆರುತ್ತೀ,
ದೀಪದ ಹಾಗೆ."
ಉಪ್ಪು ಹಾಕಿದ ಮಜ್ಜಿಗೆ ಲೋಟ. ಒಂದು, ಮತ್ತೊಂದು.

ಹದಿಮೂರನೆಯ ದಿನವಿರಬೇಕು.
ತುಟಿಗೆ ಇಳಿದ ಹನಿಯನ್ನು ನೆಕ್ಕಿದೆ.
ಸಪ್ಪೆ. ಹೆಚ್ಚುಕಡಿಮೆ ನೀರು.
ಯಾರೂ ಹೇಳಿಕೊಟ್ಟಿಲ್ಲ,
ಮೈ ತಾನೇ ಜಿಪುಣತನ ಕಲಿತು
ಉಪ್ಪನ್ನು ಒಳಗೆ ಹಿಡಿದಿಟ್ಟು
ನೀರನ್ನಷ್ಟೇ ಹೊರಗೆ ಕಳಿಸುತ್ತಿದೆ,
ಅದೂ ಮೊದಲಿಗಿಂತ ಬೇಗ, ಕೊಡತಿ ಎತ್ತುವ ಮುಂಚೆಯೇ.
ನಾನಿನ್ನೂ ಸಂದಿ ಮುಚ್ಚುವುದನ್ನೇ ನೆಟ್ಟಗೆ ಕಲಿತಿರಲಿಲ್ಲ.

ಹನ್ನೊಂದರಿಂದ ನಾಲ್ಕರ ತನಕ ಈಗ ಕೆಲಸವಿಲ್ಲ.
ದೋಣಿಯ ನೆರಳು ಸರಿದಂತೆ
ನಾವಿಬ್ಬರೂ ಸರಿಯುತ್ತೇವೆ, ಚಾಪೆಯೂ.
ಬೀಸುವ ಸರದಿ ನನ್ನದು. ಮುದುಕ ಗೊರಕೆ ಹೊಡೆಯುತ್ತಾನೆ.

ರಾತ್ರಿ ಅಮ್ಮನ ಫೋನು: "ಅಲ್ಲಿ ಸೆಕೆ ಹೇಗಿದೆ?"

ಹತ್ತು ಡಿಗ್ರಿ ಕಡಿಮೆ ಅಮ್ಮ,
ಎಂದೆ.