ಮ್ಯೂಟ್

ಒಂದೇ ಫೋನು, ಮೂಲೆ ಸೀಳಿದ ಗಾಜು.
ಎಂಟೂವರೆಗೆ ಎರಡನೇ ಕ್ಲಾಸಿನ ಜುನೈದ್
ಆನೆಗೆ ನೇರಳೆ ಬಳಿದು ತೋರಿಸುತ್ತಾನಂತೆ;
ಹತ್ತಕ್ಕೆ ಅಕ್ಕ ಶಬೀನಾ, ನನ್ನ ಬೀಜಗಣಿತಕ್ಕೆ.
ಮೊದಲು ಕಾಣುವುದು ದುಪಟ್ಟಾದ ಅಂಚು,
ಗಾಜಿಗಂಟಿದ ನೇರಳೆ ಒರೆಸುತ್ತ.

ಮೈಕು ತೆರೆದರೆ ಸಾಕು, ದಾವಣಗೆರೆಯ
ಮಂಡಕ್ಕಿ ಭಟ್ಟಿಯೇ ಕ್ಲಾಸಿಗೆ ನುಗ್ಗುತ್ತದೆ:
ಕಾದ ಮರಳಲ್ಲಿ ಅಕ್ಕಿ ಅರಳುವ ಚಟಪಟ,
ಜರಡಿಯ ಸರಪರ, ಯಾರದೋ ಕೆಮ್ಮು.
"ಶಬೀನಾ, ಮ್ಯೂಟ್ ಮಾಡ್ಕೋ."
ದಿನಕ್ಕೆ ನಾಲ್ಕು ಸಲ. ಎಣಿಸಿದ್ದೆ.

ಒಂದು ಗುರುವಾರ ಲೆಕ್ಕ ಕೊಟ್ಟೆ:
ಎಕ್ಸ್ ಚೀಲ, ಚೀಲಕ್ಕೆ ನಲವತ್ತು ಸೇರು,
ಎರಡು ಚೀಲ ಹರಿದವು,
ಉಳಿದದ್ದು ಇನ್ನೂರ ನಲವತ್ತು ಸೇರು.
ಮೂವತ್ತೆರಡು ಚೌಕ, ಮೂವತ್ತೆರಡು ಮೌನ.
ಹೊಗೆಯೊಳಗಿಂದ ಹೆಂಗಸಿನ ದನಿ:
"ಎಂಟು. ಹರಿದಿದ್ದು ಹೊಲಿದ್ರೆ ಬರ್ತೈತಿ ಬಿಡ್ರಿ ಮಿಸ್,
ಯಾಕ್ ಕಳೀತೀರಿ?"

ಯಾರೋ ನಕ್ಕರು. ನಾನೂ.
ಹಾಜರಿ ಪಟ್ಟಿಯಲ್ಲಿ ಆಕೆಗೆ ಸಾಲಿಲ್ಲ.
ಎಂಟನೇ ತರಗತಿಯ ಲೆಕ್ಕ; ಅಮ್ಮಿ ಓದಿದ್ದು ಮೂರು,
ಶಬೀನಾ ಆಮೇಲೆ ಟೈಪಿಸಿ ತಿಳಿಸಿದಳು.

ಈಗ ಹತ್ತಕ್ಕೆ ಮ್ಯೂಟ್ ಅನ್ನುವುದಿಲ್ಲ.
ಗದ್ದಲ ಹೌದು. ಎಲ್ಲವನ್ನೂ ಎರಡೆರಡು ಸಲ ಹೇಳಬೇಕು.
ಮರಳಿನ ಸದ್ದು ತಗ್ಗುವ ಹೊತ್ತು ನೋಡಿ
ಮುಂದಿನ ಲೆಕ್ಕ ಓದುತ್ತೇನೆ.