ಹದಿಮೂರು ಡಿಗ್ರಿ

ತನುಂಡಾದಲ್ಲಿ ಇವತ್ತು ನಲವತ್ತಮೂರು.
ಹಲ್ಡಾ ಅಂಗಡಿಯ ಗಾಜು ತಳ್ಳಿ ಬಂದಾಗ
ಹ್ಯಾಟಿನಡಿ ಬೆವರು, ಚೀಲದಲ್ಲೊಂದು ಅಳತೆ ಟೇಪು.

ಸ್ಟಾವ್ರೊಸ್ ವೈನ್ ಕೋಣೆಯ ಬಾಗಿಲು ತೆರೆದು ತೋರಿಸಿದ:
ಓಕ್ ಕಪಾಟು, ಬೇಡವೆಂದರೆ ಸೀಡರ್,
ಸದಾ ಹದಿಮೂರು ಡಿಗ್ರಿ,
ಬಿರಡೆ ಒಣಗದಷ್ಟು ತೇವ,
ಆರುನೂರು ಬಾಟಲಿ ಮಲಗುವ ಜಾಗ.
‘ಮೂವತ್ತು ವರ್ಷ ಇಟ್ಟರೂ ಹಾಳಾಗಲ್ಲಮ್ಮ.’

ಎಪ್ಪತ್ತೊಂಬತ್ತಕ್ಕೆ ಮೂವತ್ತು ಕೂಡಿಸಿ
ಆಕೆ ಒಳಗೊಳಗೇ ನಕ್ಕಳು.

ಮನೆಯಲ್ಲಿರುವುದು ಹನ್ನೊಂದೇ ಬಾಟಲಿ,
ಮಂಚದ ಕೆಳಗೆ, ಅಣ್ಣನ ಹಳೇ ಸ್ವೆಟರಿನಲ್ಲಿ ಸುತ್ತಿದ್ದು.
ತೋಟ ಮಾರುವ ಮುಂಚಿನ ಕೊನೆಯ ಶಿರಾಜ್;
ಒಂದೊಂದರ ಮೇಲೂ ಅವನ
ಕಾಗೆಕಾಲು ಗುಬ್ಬಿಕಾಲು ಅಕ್ಷರದ ಚೀಟಿ.

ಒಳಹೊಕ್ಕು ಬಾಗಿಲೆಳೆದುಕೊಂಡಳು.
ಯಂತ್ರದ ಸಣ್ಣ ಗೊರಕೆ. ಮರದ ವಾಸನೆ.
ಬೆನ್ನ ಬೆವರು ಆರುತ್ತ ಬಂತು.
ಗಾಜಿನಾಚೆ ಸ್ಟಾವ್ರೊಸನ ಬಾಯಿ ಮಾತ್ರ ಆಡುತ್ತಿತ್ತು,
ಬೆಲೆ ಹೇಳುತ್ತಿದ್ದನೋ ಏನೋ.

ಬಹಳ ಹೊತ್ತು ನಿಂತಳು.
ಆಮೇಲೆ ಟೇಪು ಬಿಚ್ಚಿ
ಕಪಾಟುಗಳ ನಡುವಿನ ನೆಲ ಅಳೆದಳು,
ಎರಡು ಸಲ.

ಹೊರಬಂದು ಕೇಳಿದಳು:
‘ಈ ಕಡೆಯ ಸಾಲು ಕಿತ್ತರೆ
ಒಂದು ಕುರ್ಚಿ ಹಿಡಿಸೀತೇನಪ್ಪ?
ಕೈಯಿರುವಂಥದ್ದು.’

ಅವನು ಬೆಲೆಪಟ್ಟಿ ತಿರುವಿ
ಕುರ್ಚಿ ಹುಡುಕತೊಡಗಿದ.